ಕೊಟ್ಟ ಕಡ್ಡಿ, ಕದ್ದ ಕಡ್ಡಿ

ಹಿತ್ತಲ ಗೋಡೆಯ ಮೇಲಿಂದ ಒಂದು ಕೈ ಇಳಿದು ಬಂತು.

ಗಂಡಸಿನ ಕೈ. ಮಣಿಕಟ್ಟಿನಲ್ಲಿ ಗಡಿಯಾರ, ಉಗುರಿನ ಸಂದಿಯಲ್ಲಿ ಮೆಷಿನ್ ಎಣ್ಣೆಯ ಕಪ್ಪು.

ಬಾವಿಕಟ್ಟೆಯ ಪಕ್ಕ ಪಾತ್ರೆ ತೊಳೆಯುತ್ತಿದ್ದ ಜಲಜಾಕ್ಷಿ ಉಸಿರು ಬಿಗಿಹಿಡಿದು ನೋಡಿದಳು. ಆ ಕೈ ಮಲ್ಲಿಗೆಯನ್ನು ಬಿಟ್ಟಿತು, ದಾಸವಾಳವನ್ನು ಬಿಟ್ಟಿತು. ನೇರವಾಗಿ ಕಾಮಕಸ್ತೂರಿ ಗಿಡಕ್ಕೆ ಹೋಗಿ, ಹೂತೆನೆ ಬಿಟ್ಟಿದ್ದ ಒಂದು ಕಡ್ಡಿಯನ್ನು ಚಟ್ಟನೆ ಮುರಿಯಿತು. ಹಿತ್ತಲ ತುಂಬ ಘಮಘಮ.

ಹೊಸೂರಿನ ಆ ಬೀದಿಯಲ್ಲಿ ಅಂಥ ಕಾಮಕಸ್ತೂರಿ ಇನ್ನೊಂದು ಮನೆಯಲ್ಲಿರಲಿಲ್ಲ. ಹೂವಿನ ದಂಡೆಗೆ ಅದರ ಒಂದು ಕುಡಿ ಸೇರಿಸಿದರೆ ಸಾಕು, ಮುಡಿದವಳು ಹೋದ ಮೇಲೂ ವಾಸನೆ ಅಲ್ಲೇ ಉಳಿಯುತ್ತಿತ್ತು.

ಜಲಜ ಸದ್ದಿಲ್ಲದೆ ಎದ್ದು ಹೋಗಿ, ಒದ್ದೆ ಕೈಯಲ್ಲೇ ಆ ಮಣಿಕಟ್ಟನ್ನು ಹಿಡಿದುಬಿಟ್ಟಳು.

"ಯಾರ್ರೀ ಅದು?"

ಗೋಡೆಯಾಚೆ ಒರಗಿಸಿದ್ದ ಸೈಕಲ್ ದಡಾರನೆ ಬಿತ್ತು. ಆಮೇಲೆ ಒಂದು ಮುಖ ಮೆಲ್ಲಗೆ ಮೇಲೆದ್ದಿತು. ಕಾರ್ಖಾನೆಯ ಖಾಕಿ ಅಂಗಿ, ಬೆವರಿದ ಹಣೆ, ಸಿಕ್ಕಿಬಿದ್ದ ಕಣ್ಣು.

ಆ ಕಣ್ಣನ್ನು ನೋಡಿ ಜಲಜಳ ಸಿಟ್ಟು ಅರ್ಧ ಇಳಿಯಿತು. ಅದಕ್ಕೇ ದನಿಯನ್ನು ಇನ್ನಷ್ಟು ಗಡುಸು ಮಾಡಿಕೊಂಡಳು.

"ಕದಿಯೋಕೆ ಇದೇ ಸಿಕ್ಕಿತಾ ನಿಮಗೆ?"

"ಅಮ್ಮ ಹೇಳಿದ್ರು..."

"ಕದಿ ಅಂತ ಅಮ್ಮನೇ ಹೇಳಿಕೊಟ್ರಾ?"

"ಅದು ಹಂಗಲ್ಲ..." ಎಂದವನು ಕೈಯಲ್ಲಿದ್ದ ಕಡ್ಡಿಯನ್ನೇ ನೋಡಿದ.

ಜಲಜಳಿಗೆ ನಗು ತಡೆಯಲಾಗಲಿಲ್ಲ. "ಕೇಳಿದ್ರೆ ಕೊಡ್ತಿರಲಿಲ್ವಾ? ತಗೊಂಡು ಹೋಗಿ. ಕದಿಯೋದೇನೂ ಬೇಡ, ನಾನೇ ಕೊಟ್ಟಿದೀನಿ."

ಬೇರೆ ಯಾರಾದರೂ ಆಗಿದ್ದರೆ ಬದುಕಿದೆ ಎಂದು ಓಡುತ್ತಿದ್ದರು. ಇವನ ಮುಖ ಮಾತ್ರ ಸಪ್ಪಗಾಯಿತು.

"ಕೊಟ್ಬುಟ್ರಾ..." ಎಂದು ಗೊಣಗಿಕೊಂಡು, ಕಡ್ಡಿಯನ್ನು ಜೇಬಿಗಿಟ್ಟುಕೊಂಡು, ಸೈಕಲ್ ಎತ್ತಿಕೊಂಡು ಹೋಗಿಬಿಟ್ಟ.

'ಎಂಥ ವಿಚಿತ್ರ ಮನುಷ್ಯ' ಎಂದುಕೊಂಡಳು ಜಲಜ. ಆ ಸಂಜೆ ಹಾಲು ಉಕ್ಕಿ ಒಲೆಗೆ ಸುರಿದರೂ ಅವಳಿಗೆ ಗೊತ್ತಾಗಲಿಲ್ಲ.

ಹೊಸೂರಿನ ಸುತ್ತ ಕಾರ್ಖಾನೆಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದ ವರ್ಷಗಳವು. ಆ ಕಳ್ಳನ ಹೆಸರು ಬದರೀನಾಥ. ಮತ್ತಿಗಿರಿಯಲ್ಲಿ ತಾಯಿ ಅಂಬುಜಮ್ಮನ ಜೊತೆ ಮನೆ, ಹೊಸ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ. ಅಂದಿನಿಂದ ಅವನ ಶಿಫ್ಟ್ ಮುಗಿದ ಹೊತ್ತಿಗೆ ಹಿತ್ತಲ ಓಣಿಯಲ್ಲಿ ಸೈಕಲ್ ಬೆಲ್ ಕೇಳತೊಡಗಿತು. ಅದೇ ಹೊತ್ತಿಗೆ ಜಲಜಳಿಗೆ ಬಟ್ಟೆ ಒಣಗಿಸುವ ಕೆಲಸ ಬರತೊಡಗಿತು, ಒದ್ದೆ ಬಟ್ಟೆ ಇರಲಿ ಇಲ್ಲದಿರಲಿ.

ಮಾತೇನೂ ದೊಡ್ಡದಲ್ಲ. "ಊಟ ಆಯ್ತಾ?" ಎಂದು ಅವನು. "ಆಯ್ತು" ಎಂದು ಇವಳು. ಅಷ್ಟಕ್ಕೇ ಇಬ್ಬರ ಹೊಟ್ಟೆಯೂ ತುಂಬುತ್ತಿತ್ತು.

ಒಂದು ದಿನ ಬದರಿ ಧೈರ್ಯ ಮಾಡಿ ತಾಯಿಗೆ ಹೇಳಿದ. ಅಂಬುಜಮ್ಮ ಬಂದು ಜಲಜಳ ತಂದೆ ದ್ವಾರಕಾನಾಥ ಮೇಷ್ಟ್ರ ಹತ್ತಿರ ಮಾತಾಡಿದರು. ಹೈಸ್ಕೂಲಿನಲ್ಲಿ ಎಲ್ಲರನ್ನೂ ನಡುಗಿಸುವ ಮೇಷ್ಟ್ರು ಮನೆಯಲ್ಲಿ ತಮ್ಮ ತಾಯಿ ಕಾಮಾಕ್ಷಮ್ಮನವರ ಮುಖ ನೋಡದೆ ಹೂಂ ಅನ್ನುವವರಲ್ಲ. ಕಾಮಾಕ್ಷಮ್ಮ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಆಗಬಹುದು" ಎಂದರು.

ಆ ರಾತ್ರಿ ಜಲಜ ದಿಂಬಿಗೆ ಮುಖವಿಟ್ಟು ಒಬ್ಬಳೇ ನಕ್ಕಳು. ಅವನೇ... ಅವನೇ ಸಿಕ್ಕಿಬಿಟ್ಟ.

ಆದರೆ ನಿಶ್ಚಿತಾರ್ಥದ ದಿನ ಆಗಬಾರದ್ದು ಆಗಿಹೋಯಿತು.

ಕಾಮಾಕ್ಷಮ್ಮನ ಮನೆತನದಲ್ಲಿ ಒಂದು ಕಟ್ಟಳೆ. ಹೆಣ್ಣು ಹೋಗುವ ಮನೆಗೆ ಮೊದಲು ಹಿತ್ತಲ ಕಾಮಕಸ್ತೂರಿ ಹೋಗಬೇಕು. ತಾಂಬೂಲ ಬದಲಾಯಿಸುವ ಮುಂಚೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಯನ್ನು ಹುಡುಗಿ ಹುಡುಗನ ಅಂಗೈಗೆ ಇಡಬೇಕು. ಕೈಯಾರೆ ಕೊಟ್ಟರೆ ಮಾತ್ರ ಆ ಗಿಡ ಇನ್ನೊಂದು ಮನೆಯಲ್ಲಿ ಬದುಕುತ್ತದೆ ಎಂಬುದು ಅವರ ನಂಬಿಕೆ.

ಹಸಿರು ರೇಷ್ಮೆ ಸೀರೆಯ ಜಲಜ ತಲೆ ತಗ್ಗಿಸಿ ಬಂದು ಕಡ್ಡಿಯನ್ನು ಚಾಚಿದಳು.

ಬದರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟ.

"ಕೈಗೆ ಬೇಡ," ಎಂದ ಮೆಲ್ಲಗೆ. "ಕೆಳಗಿಡಿ."

ಜಲಜಳ ಚಾಚಿದ ಕೈ ಹಾಗೇ ಉಳಿಯಿತು.

"ನನ್ನ ಮೊಮ್ಮಗಳು ಕೊಟ್ಟಿದ್ದನ್ನ ನೆಲಕ್ಕಿಡು ಅಂತೀಯಾ?" ಕಾಮಾಕ್ಷಮ್ಮ ಎದ್ದು ನಿಂತರು.

"ನಮ್ಮನೇಲಿ ಗಿಡಾನ ಕೈಯಲ್ಲಿ ಈಸ್ಕೊಳ್ಳೋ ಪದ್ಧತಿ ಇಲ್ಲ," ಎಂದರು ಅಂಬುಜಮ್ಮ.

"ಅದ್ಯಾವ ಸೀಮೆ ಪದ್ಧತಿ?"

"ನಿಮ್ಮ ಸೀಮೆದಲ್ಲ, ಬಿಡಿ."

ಇಬ್ಬರು ಹೆಂಗಸರೂ ಮುಖ ಕೆಂಪು ಮಾಡಿಕೊಂಡರು. ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಹಣ್ಣಿನ ತಟ್ಟೆಗಳು ಬಂದ ದಾರಿ ಹಿಡಿದಿದ್ದವು.

'ನಾನು ಕೊಟ್ಟಿದ್ದು ಬೇಡವಾಯಿತು ಅಂದರೆ ನಾನೇ ಬೇಡವಾದ ಹಾಗಲ್ಲವಾ...' ಜಲಜ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಮರುದಿನ ಓಣಿಯಲ್ಲಿ ಸೈಕಲ್ ಬೆಲ್ ಕೇಳಿದಾಗ ಹೊರಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಆಮೇಲೆ ಬೆಲ್ ನಿಂತುಹೋಯಿತು, ಅದಕ್ಕೂ ಅತ್ತಳು.

ಅವಳ ಕಣ್ಣು ತೆರೆಸಿದ್ದು ಮನೆಗೆ ಹೂ ಕೊಡುತ್ತಿದ್ದ ಚೆಲುವಮ್ಮ. ಮೊಳ ಹಾಕುತ್ತಾ ಅವಳು ಜಲಜಳ ಮುಖ ನೋಡಿದಳು.

"ಯಾಕ್ ತಾಯಿ, ಹಿಂಗೆ ಸೊರಗೋಗಿದೀಯ?"

ಜಲಜ ಎಲ್ಲವನ್ನೂ ಹೇಳಿಕೊಂಡಳು. ಚೆಲುವಮ್ಮ ಮೊಳ ಹಾಕುವುದನ್ನೇ ಮರೆತು ನಕ್ಕಳು.

"ಅಯ್ಯೋ ನನ್ನವ್ವ, ಅವನೇನು ನಿನ್ನ ಬ್ಯಾಡ ಅಂದ್ನಾ? ನಮ್ಮ ಕಡೇಲೂ ಹಂಗೇ ಕಣಮ್ಮ. ಕೈಯಾಗೆ ಈಸ್ಕೊಂಡ ಕಡ್ಡಿ ಕೊಳ್ತೋಯ್ತದೆ, ಕದ್ದು ತಂದಿದ್ದೇ ಚಿಗುರೋದು ಅಂತಾರೆ. ಗಿಡ ಉಳೀಲಿ ಅಂತ ಕೈ ಹಿಂದಕ್ಕಿಕ್ಕವ್ನೆ."

ಜಲಜ ಹಾಗೇ ಕೂತುಬಿಟ್ಟಳು.

ಕೊಟ್ಬುಟ್ರಾ... ಅಂದಿದ್ದನಲ್ಲ. ಕದ್ದದ್ದನ್ನು ಇವಳು ಕೊಟ್ಟದ್ದಾಗಿ ಮಾಡಿಬಿಟ್ಟಳಲ್ಲ ಎಂದು ಅವನ ಮುಖ ಸಪ್ಪಗಾಗಿತ್ತು. 'ನಿಮ್ಮ ಹಿತ್ತಲಲ್ಲಿ ಕದಿಯಬೇಕು ಅಂತಿದ್ದೀವಿ' ಎಂದು ತುಂಬಿದ ನಡುಮನೆಯಲ್ಲಿ ಅವನು ತಾನೇ ಹೇಗೆ ಹೇಳಿಯಾನು? ಜಲಜಳಿಗೆ ಕುಣಿಯುವಷ್ಟು ಸಂತೋಷವಾಯಿತು.

ಒಳಗೆ ಓಡಿ ಅಜ್ಜಿಗೆ ಹೇಳಿದಳು. ಕಾಮಾಕ್ಷಮ್ಮ ಕರಗಲಿಲ್ಲ.

"ಕದ್ದ ಗಿಡ ಚಿಗುರುತ್ತಾ? ಕಳ್ಳರ ಮಾತು. ಕೈಯಾರೆ ಕೊಟ್ಟಿದ್ದೇ ಬದುಕೋದು. ಅದನ್ನ ಒಪ್ಪಿ ಕೈಯೊಡ್ಡಲಿ, ಆಮೇಲೆ ನೋಡೋಣ."

"ಅಜ್ಜೀ, ಇಷ್ಟು ವರ್ಷ ಕೊಟ್ಟೆಯಲ್ಲ, ಎಷ್ಟು ಬದುಕಿದವು?"

"ಕೊಟ್ಟ ಮೇಲೆ ಯಾರಾದರೂ ಕೇಳೋಕೆ ಹೋಗ್ತಾರಾ?" ಎಂದು ಅಜ್ಜಿ ಮಗ್ಗುಲು ಬದಲಾಯಿಸಿದರು.

ಅಲ್ಲಿ ಅಂಬುಜಮ್ಮ ಹೀಗೆ, ಇಲ್ಲಿ ಅಜ್ಜಿ ಹಾಗೆ. ಒಬ್ಬರನ್ನು ಗೆಲ್ಲಿಸಿದರೆ ಇನ್ನೊಬ್ಬರು ಸೋಲಬೇಕು. ಸೋತವರ ಮನೆಯಿಂದ ಮದುವೆಗೆ ಯಾರೂ ಬರುವುದಿಲ್ಲ. ಜಲಜಳಿಗೆ ಬದರಿಯೂ ಬೇಕು, ಎರಡು ಮನೆಯೂ ಬೇಕು.

'ಮಾತಲ್ಲಿ ಆಗಲ್ಲ. ತೋರಿಸ್ತೀನಿ' ಎಂದುಕೊಂಡಳು.

ಅಜ್ಜಿಯ ಹತ್ತಿರ ಹೋಗಿ, "ನನಗೇ ಒಂದು ಕಡ್ಡಿ ಕೈಯಾರೆ ಕೊಡು" ಎಂದು ಎರಡೂ ಕೈ ಚಾಚಿದಳು. ಅಜ್ಜಿ ಹರಸಿ ಕೊಟ್ಟರು. ಸಂಜೆ ಚೆಲುವಮ್ಮ, ಜಲಜ ಹೇಳಿಕೊಟ್ಟಂತೆ, ಹೂಬುಟ್ಟಿಯನ್ನು ಓಣಿಯಲ್ಲಿಟ್ಟು ಗೋಡೆ ಮೇಲಿಂದ ಕೈ ಹಾಕಿ ಒಂದು ಕಡ್ಡಿ ಕದ್ದಳು. ಜಲಜ ಅತ್ತ ತಿರುಗಿ, ಏನೂ ಕಾಣದವಳಂತೆ ನೆಲ ಗುಡಿಸಿದಳು.

ಎರಡು ಹಾರ್ಲಿಕ್ಸ್ ಬಾಟಲಿ. ಅನ್ನದ ಅಗುಳಿನಿಂದ ಅಂಟಿಸಿದ ಎರಡು ಚೀಟಿ. ಒಂದರಲ್ಲಿ 'ಕೊಟ್ಟಿದ್ದು', ಒಂದರಲ್ಲಿ 'ಕದ್ದಿದ್ದು'. ಅಡುಗೆಮನೆಯ ಕಿಟಕಿಯಲ್ಲಿಟ್ಟು ಕಾದಳು.

ಎರಡೂ ಕೊಳೆತುಹೋದವು!

ನೀರು ಗಬ್ಬು ನಾರುತ್ತಿತ್ತು. ಬಾಟಲಿಗಳನ್ನು ಹಿಡಿದುಕೊಂಡು ಹಿತ್ತಲಲ್ಲಿ ಕೂತವಳಿಗೆ ಅಳು ಒತ್ತಿ ಬಂತು. ಹಾಗಾದರೆ ಎರಡು ಮನೆಯೂ ಸುಳ್ಳು ಹೇಳುತ್ತಿತ್ತಾ?

ಅಳು ಮುಗಿದ ಮೇಲೆ ಕಡ್ಡಿಗಳನ್ನು ಎತ್ತಿ ನೋಡಿದಳು. ಕೊಳೆತ ಶುರುವಾಗಿದ್ದು ನೀರಿನಲ್ಲಿ ಮುಳುಗಿದ್ದ ಎಲೆಗಳಿಂದ. ಎರಡರ ತುದಿಯಲ್ಲೂ ಹೂತೆನೆ ಇತ್ತು. ಇದ್ದ ಕಸುವನ್ನೆಲ್ಲ ಹೂವೇ ತಿಂದು, ಬೇರಿಗೆ ಏನೂ ಉಳಿದಿರಲಿಲ್ಲ.

ಹುಡುಗಿ ಸೆರಗು ಸಿಕ್ಕಿಸಿಕೊಂಡಳು. ಮತ್ತೆ ಅಜ್ಜಿಯಿಂದ ಒಂದು, ಮತ್ತೆ ಚೆಲುವಮ್ಮನಿಂದ ಒಂದು. ಈ ಸಲ ಹೂವಿಲ್ಲದ ಎಳೆ ಕಡ್ಡಿಗಳನ್ನೇ ತೋರಿಸಿ ಮುರಿಸಿದಳು. ಗಿಣ್ಣಿನ ಸ್ವಲ್ಪ ಕೆಳಗೆ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿದಳು. ಕೆಳಗಿನ ಎಲೆಗಳನ್ನೆಲ್ಲ ಕಿತ್ತು, ತುದಿಯಲ್ಲಿ ನಾಲ್ಕಾರು ಬಿಟ್ಟಳು. ನೆತ್ತಿ ಸುಡುವ ಬಿಸಿಲು ತಾಕದ, ಬೆಳಕು ಮಾತ್ರ ಬೀಳುವ ಕಡೆ ಇಟ್ಟಳು. ದಿನಾ ಬೆಳಿಗ್ಗೆ, ಕಾಫಿಗೂ ಮೊದಲು, ಬಾಟಲಿ ತೊಳೆದು ನೀರು ಬದಲಾಯಿಸಿದಳು.

"ದೇವರ ಮುಂದೆ ಇಷ್ಟು ಹೊತ್ತು ಕೂತಿದ್ದಿದ್ರೆ..." ಎಂದು ಅಜ್ಜಿ ಮೂಗು ಮುರಿದರು.

ಒಂದು ಬೆಳಿಗ್ಗೆ ಬಾಟಲಿಯನ್ನು ಬೆಳಕಿಗೆ ಹಿಡಿದಾಗ ಗಿಣ್ಣಿನಲ್ಲಿ ಬಿಳಿ ಚುಕ್ಕೆ ಕಂಡಿತು. ಮರುದಿನಕ್ಕೆ ಅದು ಎಳೆಯಾಯಿತು. ಇನ್ನೊಂದು ಬಾಟಲಿಯಲ್ಲೂ ಹಾಗೇ. ಕೆಲವೇ ದಿನದಲ್ಲಿ ಬೇರುಗಳು ಸುತ್ತಿಕೊಂಡು ತಳ ಮುಟ್ಟಿದವು. ಎಲೆ ಮುಟ್ಟಿದರೆ ಸಾಕು, ಅದೇ ಘಮ.

"ಅಪ್ಪಾ!" ಎಂದು ಕೂಗಿದಳು ಜಲಜ. ಸ್ಕೂಲಿಗೆ ಹೊರಟಿದ್ದ ಮೇಷ್ಟ್ರು ಓಡಿ ಬಂದು ಬಾಟಲಿಗಳನ್ನು ನೋಡಿದರು. ಮಗಳ ಮುಖವನ್ನೂ ನೋಡಿದರು. ಏನೂ ಕೇಳದೆ, "ಮತ್ತಿಗಿರಿಗೆ ಅಜ್ಜಿನೂ ಕರ್ಕೊಂಡು ಹೋಗಮ್ಮ" ಎಂದರು.

ಅಜ್ಜಿಯನ್ನು ಹೊರಡಿಸುವುದು ಕಷ್ಟವಾಗಲಿಲ್ಲ. "ನೀನು ಕೊಟ್ಟ ಕಡ್ಡಿ ಬೇರು ಬಿಟ್ಟಿದೆ. ಅವರ ಮನೇಲೇ ತೋರಿಸೋಣ ಬಾ" ಎಂದದ್ದೇ ತಡ, ಕಾಮಾಕ್ಷಮ್ಮ ಒಳ್ಳೆಯ ಸೀರೆ ಉಟ್ಟು ಜಲಜಳಿಗಿಂತ ಮೊದಲು ಬಸ್ಸಿಗೆ ಬಂದು ನಿಂತಿದ್ದರು.

ಮತ್ತಿಗಿರಿಯ ಮನೆಯಲ್ಲಿ ಅಂಬುಜಮ್ಮ ಬಾಗಿಲು ತೆರೆದು ದಂಗಾದರು. ಬಂದವರನ್ನು ನಿಲ್ಲಿಸಿ ಮಾತಾಡುವ ಮನೆಯಲ್ಲ ಅದು. ಚಾಪೆ ಹಾಕಿದರು, ನೀರು ಕೊಟ್ಟರು, ಮುಖ ಮಾತ್ರ ಬಿಗಿದುಕೊಂಡೇ ಇದ್ದರು.

ಜಲಜ ಎರಡು ಬಾಟಲಿಗಳನ್ನೂ ನೆಲದ ಮೇಲಿಟ್ಟಳು. ಚೀಟಿಗಳಿರಲಿಲ್ಲ.

"ಒಂದು ಅಜ್ಜಿ ಕೈಯಾರೆ ಕೊಟ್ಟಿದ್ದು. ಇನ್ನೊಂದು ನಮ್ಮ ಹಿತ್ತಲಿಂದಲೇ ಕದ್ದಿದ್ದು. ಯಾವುದು ಯಾವುದು ಅಂತ ನೀವಿಬ್ಬರೂ ಹೇಳಿ."

ಅಂಬುಜಮ್ಮ ಕನ್ನಡಕ ತಂದರು. ಕಾಮಾಕ್ಷಮ್ಮ ಬೇರು ಎಣಿಸುವವರಂತೆ ಬಗ್ಗಿದರು. ಎಡಗಡೆಯದರಲ್ಲಿ ಹೊಸ ಕುಡಿ ಒಂಚೂರು ಹೆಚ್ಚಿತ್ತು.

"ಇದು ಕದ್ದಿದ್ದು," ಎಂದು ಅಂಬುಜಮ್ಮ ಎಡಗಡೆಯದನ್ನು ಮುಟ್ಟಿದರು. "ಎಷ್ಟು ಕಳೆಯಾಗಿ ಅದೆ ನೋಡಿ."

"ಕಳೆ ಬಂದಿರೋದೇ ನಾನು ಕೊಟ್ಟಿದ್ದಕ್ಕೆ," ಎಂದು ಕಾಮಾಕ್ಷಮ್ಮನೂ ಅದನ್ನೇ ಹಿಡಿದರು.

ಒಂದೇ ಬಾಟಲಿಯ ಮೇಲೆ ಇಬ್ಬರ ಕೈ. ಇಬ್ಬರೂ ಜಲಜಳ ಕಡೆ ತಿರುಗಿದರು.

"ನೀನೇ ಹೇಳೇ. ಯಾವುದು?"

"ನನಗೂ ಗೊತ್ತಿಲ್ಲ," ಎಂದಳು ಜಲಜ. "ದಿನಾ ತೊಳೆದೂ ತೊಳೆದೂ ಚೀಟಿ ಎದ್ದುಹೋಯ್ತು. ಮೊದಲ ಸಲ ಇಟ್ಟಾಗ ಚೀಟಿ ಗಟ್ಟಿಯಾಗೇ ಇತ್ತು, ನೀರು ಬದಲಾಯಿಸಿರಲಿಲ್ಲ. ಆಗ ಎರಡೂ ಸತ್ತವು."

ಅಂಬುಜಮ್ಮ ಬಾಟಲಿಯಿಂದ ಕೈ ತೆಗೆದರು. "ಬದರಿ ಮೊದಲು ತಂದಿದ್ದೂ ಸತ್ತೋಯ್ತು" ಎಂದರು. "ನೀನು ಕೊಟ್ಟೆ ಅಂದಿದ್ದಕ್ಕೇ ಅಂತ ನಾನು..."

"ಅದರಲ್ಲಿ ಹೂತೆನೆ ಇತ್ತು, ಅಮ್ಮಾ. ಯಾರು ತಂದಿದ್ರೂ ಸಾಯ್ತಿತ್ತು."

ಮೊದಲು ನಕ್ಕಿದ್ದು ಕಾಮಾಕ್ಷಮ್ಮ. ಇಷ್ಟು ವರ್ಷ ತಾವು ಊರಿಗೆಲ್ಲ ಹಂಚಿದ ಕಡ್ಡಿಗಳು ನೆನಪಾದವೋ ಏನೋ, ಸೆರಗು ಬಾಯಿಗಿಟ್ಟುಕೊಂಡು ಮೈ ಕುಲುಕಿಸಿ ನಕ್ಕರು. ಅಂಬುಜಮ್ಮನಿಗೂ ತಡೆಯಲಾಗಲಿಲ್ಲ.

"ಕಾಫಿ ಕುಡೀತೀರಲ್ಲ?" ಎಂದು ಅವರು ಎದ್ದರು.

"ನಮಗೆ ಸಕ್ಕರೆ ಕಮ್ಮಿ, ಬೀಗರೇ," ಎಂದರು ಕಾಮಾಕ್ಷಮ್ಮ.

ಬೀಗರೇ! ಜಲಜಳ ಎದೆ ತುಂಬಿ ಬಂತು. ಗೆದ್ದಿದ್ದಳು. ಯಾರನ್ನೂ ಸೋಲಿಸದೆ, ತನಗೆ ಬೇಕಾದದ್ದನ್ನೆಲ್ಲ ಗೆದ್ದಿದ್ದಳು.

ಹಿರಿಯರಿಬ್ಬರೂ ಅಡುಗೆಮನೆಗೆ ಹೋದರು. ಹೊರಗೆ ಸೈಕಲ್ ನಿಂತ ಸದ್ದಾಯಿತು.

ಶಿಫ್ಟ್ ಮುಗಿಸಿ ಬಂದ ಬದರಿ ಹೊಸಿಲ ಮೇಲೇ ನಿಂತ. ಜಲಜಳನ್ನು ನೋಡಿದ, ಬಾಟಲಿಗಳನ್ನು ನೋಡಿದ, ಒಳಗಿನಿಂದ ಬರುತ್ತಿದ್ದ ನಗುವನ್ನು ಕೇಳಿದ. ಅವನಿಗೆ ಏನೊಂದೂ ಅರ್ಥವಾಗಲಿಲ್ಲ.

"ಅವತ್ತು... ನಿಮ್ಮನ್ನ ಬ್ಯಾಡ ಅಂದಿದ್ದಲ್ಲ ನಾನು," ಎಂದ. ಎಷ್ಟು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದನೋ. "ನೀವು ಕೊಟ್ಟಿದ್ದು ನನ್ನ ಕೈಯಾಗೆ ಸತ್ತೋದ್ರೆ ತಡ್ಕೊಳ್ಳೋಕಾಗ್ತಿರಲಿಲ್ಲ. ಒಂದು ಸಲ ಸತ್ತಿತ್ತು."

"ಗೊತ್ತು."

"ಓಣಿಗೆ ಬಂದು ಬಂದು ಹೋದೆ. ನೀವು ಬರಲೇ ಇಲ್ಲ."

"ಅದೂ ಗೊತ್ತು. ಒಳಗೆ ಕೂತು ಅಳ್ತಿದ್ದೆ."

ಬದರಿ ತಲೆ ತಗ್ಗಿಸಿದ. ಜಲಜ ಒಂದು ಬಾಟಲಿಯನ್ನು ಎತ್ತಿಕೊಂಡು ಅವನೆದುರು ಬಂದು ನಿಂತಳು.

"ಇದು ನಾನು ಕೊಡ್ತಿರೋದು. ಕೆಳಗಿಡಲ್ಲ. ಏನ್ಮಾಡ್ತೀರಾ?"

ಬದರಿ ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ. ಎರಡನ್ನೂ ಮುಂದೆ ಚಾಚಿದ. ಬಾಟಲಿ ಅವನ ಕೈಗೆ ಬಂತು. ಅವಳ ಬೆರಳುಗಳು ಅದರ ಮೇಲೇ ಒಂದಿಷ್ಟು ಹೊತ್ತು ಉಳಿದವು.

"ಬದುಕ್ಲಿಲ್ಲ ಅಂದ್ರೆ?" ಎಂದ ಮೆಲ್ಲಗೆ.

"ಇನ್ನೊಂದು ಕೊಡ್ತೀನಿ."

"ಅದೂ ಬದುಕ್ಲಿಲ್ಲ ಅಂದ್ರೆ?"

"ಅಷ್ಟೊತ್ತಿಗೆ ನೀರು ಬದಲಾಯಿಸೋಕೆ ನಾನೇ ಈ ಮನೆಗೆ ಬಂದಿರ್ತೀನಿ," ಎಂದಳು ಜಲಜ.