ವೇದವತಿ ಮಿಸ್ ಇಟ್ಟ ಚುಕ್ಕೆ

"ಅನುಶ್ರೀ, ನಿನ್ನ ಬುಕ್ ತಗೊಳಮ್ಮ. ಬೇಗ ಬೇಗ."

ಅನಿಲ್‌ಕುಮಾರ್ ಸರ್ ನೋಟ್‌ಬುಕ್ಕುಗಳ ಕಟ್ಟು ಹಿಡಿದು ಒಂದೊಂದೇ ಹೆಸರು ಕೂಗುತ್ತಿದ್ದರು. ಅವೆಲ್ಲ ವೇದವತಿ ಮಿಸ್ ಬೀರುವಿನಲ್ಲಿದ್ದ ಹೋಂವರ್ಕ್ ಬುಕ್ಕುಗಳು. ಮಿಸ್ ತೀರಿಕೊಂಡು ಒಂಬತ್ತು ದಿನವಾಗಿತ್ತು. ಬೀರುವಿನ ಬೀಗದ ಕೈ ಅವರ ಬ್ಯಾಗಿನಲ್ಲೇ ಹಾಸನದ ಆಸ್ಪತ್ರೆಗೆ ಹೋಗಿತ್ತು. ಅಲ್ಲಿಂದ ಹೊಳೆನರಸೀಪುರದ ಅವರ ಮನೆಗೆ ಹೋಗಿ, ಮನೆಯಿಂದ ಶಾಲೆಗೆ ಬರುವ ಹೊತ್ತಿಗೆ ಇಷ್ಟು ದಿನ ಹಿಡಿಯಿತು.

ಐದನೇ ಕ್ಲಾಸಿನಲ್ಲಿ ಯಾರೂ ಗಲಾಟೆ ಮಾಡುತ್ತಿರಲಿಲ್ಲ. ಯಾವಾಗಲೂ ಚಟಪಟ ಎನ್ನುವ ನಟರಾಜು ಕೂಡ ಬುಕ್ಕನ್ನು ಎದೆಗೆ ಒತ್ತಿಕೊಂಡು ಕೂತಿದ್ದ.

ಅನುಶ್ರೀ ಮೆಲ್ಲಗೆ ತಾನು ಕೊನೆಗೆ ಬರೆದಿದ್ದ ಹಾಳೆ ತೆಗೆದಳು. ಒಂದು ಸಾಲಿನ ಪಕ್ಕ, ಮಾರ್ಜಿನ್ನಿನಲ್ಲಿ, ಪೆನ್ಸಿಲ್ಲಿನ ಚುಕ್ಕೆಯೊಂದಿತ್ತು.

ಆ ಚುಕ್ಕೆಯ ವಿಷಯ ಆ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ವೇದವತಿ ಮಿಸ್ ಹತ್ತಿರ ಕೆಂಪು ಪೆನ್ನು ಎಂಬುದೇ ಇರಲಿಲ್ಲ. ತಪ್ಪಿದ್ದ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದರು, ಅಷ್ಟೇ. ಏನು ತಪ್ಪು ಎಂದು ಕೇಳಿದರೆ ಜಪ್ಪಯ್ಯ ಅಂದರೂ ಹೇಳುತ್ತಿರಲಿಲ್ಲ. "ಹುಡುಕು ಮರಿ, ನಿಂಗೇ ಸಿಗತ್ತೆ" ಎನ್ನುತ್ತಿದ್ದರು. ಹುಡುಕಿ ಸರಿಮಾಡಿ ತಂದರೆ, ಬ್ಯಾಗಿನ ಹಿಡಿಗೆ ದಾರದಲ್ಲಿ ಕಟ್ಟಿಕೊಂಡಿದ್ದ ಗಿಡ್ಡ ರಬ್ಬರಿನಿಂದ ತಾವೇ ಚುಕ್ಕೆ ಅಳಿಸುತ್ತಿದ್ದರು. ಬೇರೆ ಯಾರೂ ಅಳಿಸುವ ಹಾಗಿಲ್ಲ. ಒಂದು ಸಲ ನಟರಾಜು ಎಂಜಲು ಹಚ್ಚಿ ಉಜ್ಜಿ ಹಾಳೆಗೆ ತೂತು ಮಾಡಿದ್ದ. ಮಿಸ್ ನಗುತ್ತಾ ಆ ತೂತಿನ ಪಕ್ಕದಲ್ಲೇ ಇನ್ನೊಂದು ಚುಕ್ಕೆ ಇಟ್ಟರು.

ಪಕ್ಕದಲ್ಲಿದ್ದ ರಂಜಿನಿ ಬಗ್ಗಿ ನೋಡಿದಳು. 'ನನಗೆ ಮೂರು ದಿನ ಜ್ವರ ಇದ್ದುದರಿಂದ ಶಾಲೆಗೆ ಬರಲು ಆಗಲಿಲ್ಲ.' ಅವಳು ಆ ಸಾಲನ್ನು ಎರಡೆರಡು ಸಲ ಓದಿದಳು.

"ಎಲ್ಲಾ ಸರಿಯಾಗೇ ಐತಲ್ಲೇ. ಪಾಪ, ಮಿಸ್ಸಿಗೆ ಉಷಾರಿರ್ಲಿಲ್ಲ. ಪೆನ್ಸಿಲ್ ತಾಗಿರ್ಬೇಕು ಬಿಡು."

ಪೆನ್ಸಿಲ್ ಸುಮ್ಮನೆ ತಾಗಿರಲಿಲ್ಲ ಎಂದು ಅನುಶ್ರೀಗೆ ಗೊತ್ತಿತ್ತು. ಹಾಳೆಯ ಕೆಳಗಿನ ಮೂಲೆಯಲ್ಲಿ ಅವಳದೇ ಹೆಬ್ಬೆಟ್ಟಿನ ಗುರುತಿತ್ತು. ಕಂದು ಬಣ್ಣದ, ಅಂಟಂಟಾದ ಗುರುತು. ಹೊಗೆಸೊಪ್ಪು ಮುಟ್ಟಿದ ಕೈಗೆ ಮಾತ್ರ ಅಂಥ ಕರೆ ಹಿಡಿಯುತ್ತದೆ. ಹೊಗೆಸೊಪ್ಪು ಬೆಳೆಯುವ ಅರಕಲಗೂಡು ಸೀಮೆಯ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದ ಮಿಸ್ಸಿಗೆ ಅದು ಗೊತ್ತಾಗದೆ ಇರುತ್ತದೆಯೇ?

ಜ್ವರವೂ ಇರಲಿಲ್ಲ, ಗಿರವೂ ಇರಲಿಲ್ಲ. ಆ ಮೂರು ದಿನ ಸೊಪ್ಪು ಕಟ್ಟಲು ಬರಬೇಕಿದ್ದ ಆಳುಗಳು ಕೈಕೊಟ್ಟಿದ್ದರು. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಕಾವು ಕೊಡುವ ಬ್ಯಾರನ್ನಿಗೆ ಏರಿಸದಿದ್ದರೆ ಬಾಡಿ ಹಾಳಾಗುತ್ತದೆ. ಅವ್ವನೂ ಅಜ್ಜಿಯೂ ಸೊಪ್ಪು ಕಟ್ಟಿದರು, ಅನುಶ್ರೀ ಎಲೆ ಜೋಡಿಸಿ ಜೋಡಿಸಿ ಕೊಟ್ಟಳು. "ಜ್ವರ ಅಂತ ಬರ್ದುಬುಡು ಕಣವ್ವ. ಯಾರು ನೋಡ್ತಾರೆ?" ಎಂದಿದ್ದ ಅಪ್ಪ.

ಆ ಸಾಲು ಬರೆದು ಬುಕ್ ಒಪ್ಪಿಸಿದ ದಿನ ಮಿಸ್ ಅವಳನ್ನು ಹತ್ತಿರ ಕರೆದು ಹಣೆ ಮುಟ್ಟಿ ನೋಡಿದ್ದರು. "ಈಗ ಹೇಗಿದೀಯ ಮರಿ?"

"ಚೆನ್ನಾಗಿದೀನಿ ಮಿಸ್."

ಅದೇ ಅವರ ಜೊತೆ ಆಡಿದ ಕೊನೆಯ ಮಾತು. ಎರಡು ದಿನ ಬಿಟ್ಟು ಮಿಸ್ ಬಸ್ಸಿನಲ್ಲೇ ತಲೆ ತಿರುಗಿ ಬಿದ್ದರಂತೆ. ಆಮೇಲೆ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಆಮೇಲೆ ಶಾಲೆಯಲ್ಲಿ ಎರಡು ನಿಮಿಷ ಎಲ್ಲರೂ ಎದ್ದು ನಿಂತರು, ರಜ ಕೊಟ್ಟರು.

ಆ ಹಣೆ ಮುಟ್ಟಿದ ಕೈಯನ್ನು ನೆನೆದು ಅನುಶ್ರೀಗೆ ನಾಚಿಕೆಯಾಯಿತು, ಅಳುವೂ ಬಂತು. ಈಗ ಸರಿಮಾಡಿದರೆ ಯಾರಿಗೆ ತೋರಿಸುವುದು?

ಸಂಜೆ ಮನೆಗೆ ಬಂದಾಗ ಅಪ್ಪ, ಅವ್ವ, ಅಜ್ಜಿ ಮೂವರೂ ಬ್ಯಾರನ್ ಮುಂದೆ ಸೊಪ್ಪಿನ ರಾಶಿ ಹಾಕಿಕೊಂಡು ಕೂತಿದ್ದರು. ಬ್ಯಾರನ್ ಅಂದರೆ ಎಲೆ ಬೇಯಿಸುವ ಎತ್ತರದ ಮನೆ. ಒಳಗೆ ಅಡ್ಡಡ್ಡ ಮರದ ತೊಲೆಗಳು, ಅವುಗಳ ಮೇಲೆ ಸೊಪ್ಪಿನ ಕಡ್ಡಿಗಳ ಸಾಲು.

"ಬಾ ಮಗ, ನಾಳೀಕೂ ಆಳು ಬರಾಕಿಲ್ವಂತೆ. ಒಂದಿನ ಇಸ್ಕೂಲು ಬುಟ್ರೆ ಏನೂ ಮುಳುಗೋಗಲ್ಲ" ಎಂದಳು ಅಜ್ಜಿ ದೊಡ್ಡತಾಯಮ್ಮ.

ಅನುಶ್ರೀಗೆ ಎಲ್ಲಿತ್ತೋ ಸಿಟ್ಟು. ಬ್ಯಾಗಿನಿಂದ ಬುಕ್ ತೆಗೆದು ಅಪ್ಪನ ಮುಂದೆ ಹಿಡಿದಳು. "ನೋಡು ಇಲ್ಲಿ. ಯಾರು ನೋಡ್ತಾರೆ ಅಂದ್ಯಲ್ಲ. ಮಿಸ್ ನೋಡಿದ್ರು."

ಅಪ್ಪ ಪುಟ್ಟರಾಜು ಮೊದಲು ನಕ್ಕ. ಆಮೇಲೆ ಚುಕ್ಕೆ ಕಂಡಿತು. ನಗು ಅಲ್ಲಿಗೇ ನಿಂತುಹೋಯಿತು. ಬುಕ್ ಮುಟ್ಟಲು ಹೋದವನು ಕೈ ಹಿಂದಕ್ಕೆ ಎಳೆದುಕೊಂಡು, ಎದ್ದು ಹೋಗಿ ಸೊಪ್ಪಿನ ಅಂಟು ಬಿಡಲೆಂದು ಹುಣಸೆಹಣ್ಣು ಹಾಕಿ ಗಸಗಸ ಕೈ ಉಜ್ಜಿ ತೊಳೆದು ಬಂದ. ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡ.

"ನಂಗೂ ಒಂದು ಇಟ್ಟವ್ರೆ ಕಣವ್ವ" ಎಂದ.

"ನಿಂಗಾ?"

"ಊಂ. ನಾನು ಏಳ್ನೇ ಕ್ಲಾಸಲ್ಲಿದ್ದೆ. ಆಗ ಮಿಸ್ಸು ಇದೇ ಇಸ್ಕೂಲಲ್ಲೇ ಇದ್ದಿದ್ದು. ನಿಮ್ಮ ತಾತ ಸೊಪ್ಪು ಕಟ್ಟಾಕೆ ಅಂತ ನನ್ನ ಬುಡಿಸ್ಬುಟ್ರು. ಮಿಸ್ಸು ಕರ್ಯಾಕೆ ಮೂರ್ ಸಲ ಬಂದ್ರು, ಬಸ್ ಸ್ಟಾಪಿಂದ ನಡ್ಕಂಡು. ಮೂರ್ನೇ ಸಲ ನಾನು ಬ್ಯಾರನ್ನಾಗೆ ತೊಲೆ ಮ್ಯಾಲೆ ಅತ್ಕಂಡು ಕುಂತ್ಬುಟ್ಟೆ. ನಿಮ್ಮಜ್ಜಿ, ಅವ್ನು ಮಾವನ ಮನೆಗೆ ದಂಡಿಗನಹಳ್ಳಿಗೆ ಓಗವ್ನೆ ಅಂದ್ಬುಟ್ಲು."

"ಇನ್ನೇನು ಅನ್ಲಿ? ನೀನೇ ಅಂಗನ್ನು ಅಂತ ಏಳ್ಕೊಟ್ಟಿದ್ದೆ" ಎಂದು ಅಜ್ಜಿ ಗೊಣಗಿದಳು.

"ಮಿಸ್ಸು ಏನೂ ಅನ್ಲಿಲ್ಲ. ಬ್ಯಾಗಿಂದ ಪೆನ್ಸಿಲ್ ತೆಗುದ್ರು. ಬಾಗ್ಲ ಚೌಕಟ್ಟಿನ ಮ್ಯಾಲೆ ಒಂದು ಚುಕ್ಕೆ ಇಟ್ಟು ಒಂಟೋದ್ರು. ನಾನು ಸಂದಿಯಾಗಿಂದ ನೋಡ್ತಾನೇ ಇದ್ದೆ."

ಅನುಶ್ರೀ ಬ್ಯಾರನ್ನಿನ ಬಾಗಿಲ ಕಡೆ ತಿರುಗಿದಳು. ಚೌಕಟ್ಟಿಗೆಲ್ಲ ಹಸಿರು ಪೇಂಟ್ ಬಳಿದಿತ್ತು. ಎಡಗಡೆ, ಅವಳ ತಲೆಯ ಎತ್ತರದಲ್ಲಿ, ಬಿಲ್ಲೆಯಷ್ಟು ಜಾಗಕ್ಕೆ ಮಾತ್ರ ಪೇಂಟ್ ಇರಲಿಲ್ಲ. ಅವಳು ಹುಟ್ಟಿದಾಗಿನಿಂದ ಅದು ಹಾಗೇ ಇತ್ತು. ಪೇಂಟ್ ಸಾಲದೆ ಬಂದಿರಬೇಕು ಎಂದುಕೊಂಡಿದ್ದಳು.

ಓಡಿ ಹೋಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಮಧ್ಯದಲ್ಲಿ ಕಪ್ಪಗೆ ಎಳ್ಳುಕಾಳಿನಷ್ಟು ಏನೋ ಇತ್ತು.

"ಪೇಂಟ್ ಒಡ್ದಾಗೆಲ್ಲ ಅದೊಂದು ಜಾಗ ಬುಟ್ಟೇ ಒಡೀತೀನಿ" ಎಂದ ಅಪ್ಪ ಕೂತಲ್ಲಿಂದಲೇ. "ಬ್ಯಾರೆ ಇಸ್ಕೂಲಿಗೆ ವರ್ಗ ಆಗಿದ್ದ ಮಿಸ್ಸು ವಾಪಸ್ ಇಲ್ಲಿಗೇ ಬಂದು ಆರು ವರ್ಸ ಆಗಿತ್ತು. ಒಂದಿನ ಓಗಿ, ಮಿಸ್, ನಾನು ಅವತ್ತು ಒಳಗೇ ಇದ್ದೆ ಅಂತ ಏಳ್ಬುಡನ ಅಂದ್ಕಳ್ತಿದ್ದೆ. ಇವತ್ತು ಓಗನ, ನಾಳೆ ಓಗನ ಅಂದ್ಕಂಡೇ ಉಳ್ಕಂಡೆ. ಓಗ್ಲೇ ಇಲ್ಲ."

ಅಪ್ಪ ಅಳುವುದನ್ನು ಅನುಶ್ರೀ ನೋಡಿರಲಿಲ್ಲ. ಈಗಲೂ ಅವನು ಅಳಲಿಲ್ಲ. ಆದರೆ ಒಂದು ಎಲೆ ಎತ್ತಿಕೊಂಡು ಅದರ ದಂಟನ್ನು ಸುಮ್ಮನೆ ತಿರುಗಿಸುತ್ತಾ ಕೂತ. ಅವ್ವನೂ ಕಡ್ಡಿ ಕೆಳಗಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಅನುಶ್ರೀ ಜಗಲಿಯ ಮೇಲೆ ಕೂತು ಚುಕ್ಕೆಯ ಸಾಲಿನ ಕೆಳಗೆ ಬರೆದಳು: 'ನನಗೆ ಜ್ವರ ಇರಲಿಲ್ಲ. ನಾನು ಮೂರು ದಿನ ಮನೆಯಲ್ಲಿ ಹೊಗೆಸೊಪ್ಪಿನ ಕೆಲಸ ಮಾಡಿದೆ.' ಬರೆದದ್ದನ್ನು ಅಪ್ಪನಿಗೆ ತೋರಿಸಿದಳು. ಅವನು ಒಂದೊಂದೇ ಅಕ್ಷರದ ಮೇಲೆ ಕಣ್ಣಿಟ್ಟು ನಿಧಾನವಾಗಿ ಓದಿದ.

"ಅಪ್ಪ, ಈಗ ಚುಕ್ಕೆ ಅಳಿಸ್ಲಾ?"

"ನಾವು ಅಳಿಸಂಗಿಲ್ವಲ್ಲ ಕಣವ್ವ" ಎಂದ ಅಪ್ಪ. ಆಮೇಲೆ ಅಜ್ಜಿಗೆ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದ. "ನಾಳೀಕೆ ನೀನು ಇಸ್ಕೂಲಿಗೋಗು. ಸೊಪ್ಪು ಎಷ್ಟಾಯ್ತದೋ ಅಷ್ಟು ನಾವು ಕಟ್ಕತೀವಿ. ಬಾಡೋದು ಬಾಡ್ಕಳ್ಲಿ."

ಅಜ್ಜಿ ಏನೋ ಅನ್ನಲು ಬಾಯಿ ತೆರೆದವಳು ಬಾಗಿಲ ಚೌಕಟ್ಟಿನ ಕಡೆ ನೋಡಿ, ಮತ್ತೆ ಕಡ್ಡಿ ಎತ್ತಿಕೊಂಡಳು.

ಬೆಳಿಗ್ಗೆ ಪ್ರೇಯರ್ ಬೆಲ್ ಹೊಡೆಯುವ ಮುಂಚೆ ಅನುಶ್ರೀಗೆ ನೆನಪಾಯಿತು. ಸರ್ ಕೊಟ್ಟಿದ್ದ ಭಾಗಾಕಾರದ ಹೋಂವರ್ಕ್ ಮಾಡಿಯೇ ಇರಲಿಲ್ಲ. ರಂಜಿನಿಯ ಬುಕ್ ನೋಡಿಕೊಂಡು, ನಿನ್ನೆ ಬರೆದ ಸಾಲಿನ ಕೆಳಗೇ ಸರಸರ ಗೀಚಿದಳು.

ಅನಿಲ್‌ಕುಮಾರ್ ಸರ್ ಬುಕ್ಕುಗಳನ್ನು ನೋಡತೊಡಗಿದರು. ಅವರು ಕೆಟ್ಟವರೇನಲ್ಲ. ಆದರೆ ಈಗ ಎರಡು ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಒಬ್ಬರೇ ಒದ್ದಾಡುತ್ತಿದ್ದರು. ಅನುಶ್ರೀಯ ಸರದಿ ಬಂತು. ಸರ್ ಆ ಸಾಲು ಓದುತ್ತಾರೆ, ಬೈಯುತ್ತಾರೆ, ಅಪ್ಪನನ್ನು ಕರೆದುಕೊಂಡು ಬಾ ಎನ್ನುತ್ತಾರೆ. ಅನ್ನಲಿ, ಯಾರಿಗಾದರೂ ಒಬ್ಬರಿಗೆ ಗೊತ್ತಾಗಲಿ.

ಸರ್ ಹಿಂದಿನ ಮಗುವಿಗೆ ಏನೋ ಹೇಳುತ್ತಲೇ ಕೆಂಪು ಪೆನ್ನಿನಲ್ಲಿ ಎರಡು ದೊಡ್ಡ ರೈಟ್ ಎಳೆದರು. ಒಂದು ಜ್ವರದ ಸಾಲಿನಿಂದ ಶುರುವಾಗಿ ಅದರ ಕೆಳಗಿನ ಸಾಲಿನವರೆಗೆ. ಇನ್ನೊಂದು ಭಾಗಾಕಾರದ ಮೇಲೆ.

"ಗುಡ್. ನೆಕ್ಸ್ಟ್ ಯಾರು?"

ಅನುಶ್ರೀ ಬಂದು ಬೆಂಚಿನ ಮೇಲೆ ಕೂತಳು. ಸುಳ್ಳಿಗೂ ರೈಟ್, ನಿಜಕ್ಕೂ ರೈಟ್, ನೋಡಿಕೊಂಡು ಬರೆದ ಲೆಕ್ಕಕ್ಕೂ ರೈಟ್. ಆ ಕೆಂಪು ಗೆರೆಗಳ ಪಕ್ಕ ಮಿಸ್ ಇಟ್ಟ ಚುಕ್ಕೆ ಕಂಡೂ ಕಾಣದಷ್ಟು ಸಣ್ಣದಾಗಿತ್ತು. ಇನ್ನು ಮುಂದೆ ತನ್ನ ಬುಕ್ಕಿನಲ್ಲಿ ಯಾರೂ ಚುಕ್ಕೆ ಇಡುವುದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಮಿಸ್ ಸತ್ತುಹೋದರು ಎನ್ನುವುದು ಅವಳಿಗೆ ನಿಜವಾಗಿ ತಿಳಿದದ್ದೇ ಆಗ.

ಆಮೇಲೆ ಬಾಕ್ಸಿನಿಂದ ಪೆನ್ಸಿಲ್ ತೆಗೆದು, ಭಾಗಾಕಾರದ ಪಕ್ಕ, ಮಾರ್ಜಿನ್ನಿನಲ್ಲಿ, ತಾನೇ ಒಂದು ಚುಕ್ಕೆ ಇಟ್ಟಳು.

"ಏನೇ ಅದು? ಸರ್ ರೈಟ್ ಆಕವ್ರಲ್ಲ" ಎಂದಳು ರಂಜಿನಿ.

"ಅದು ನಿಂದು ನೋಡ್ಕಂಡು ಬರ್ದಿದ್ದು ಕಣೇ" ಎಂದಳು ಅನುಶ್ರೀ. ಹಾಳೆ ತಿರುಗಿಸಿ, ಆ ಲೆಕ್ಕವನ್ನು ಮೊದಲಿನಿಂದ ಮಾಡಲು ಕೂತಳು.