ಸಹಭಾಗಿಯ ವಿದ್ಯಾರ್ಹತೆ

"ಮುಟ್ಟಬೇಡಿ! ಯಾರ್ರೀ ನೀವು? ಕೈಗವಸು ಎಲ್ಲಿ?"

ಸಂಶೋಧಕಿಯ ಕೂಗಿಗೆ ವಸ್ತುಸಂಗ್ರಹಾಲಯದ ಹಿಂಬದಿ ಕೋಣೆಯ ಗಾಜುಗಳೇ ಅದುರಿದವು. ಹಳೇ ಕುರ್ಚಿಯ ಮುಂದೆ ಮಂಡಿಯೂರಿದ್ದವನು ಮಾತ್ರ ಅಲ್ಲಾಡಲಿಲ್ಲ.

"ಬಡಗಿ ನಾನು. ಇದಕ್ಕೊಂದು ಪೀಠ ಮಾಡಬೇಕಂತೆ. ಮುಟ್ಟದೇ ಅಳತೆ ಹೇಳೋಕೆ ನಾನೇನು ಜ್ಯೋತಿಷಿನಾ?"

"ಅದು ತೊಂಬತ್ತು ವರ್ಷದ ಕುರ್ಚಿ!"

"ಆದ್ರೂ ನಿಮಗಿಂತ ಗಟ್ಟಿಯಾಗಿದೆ. ನೀವೇ ಬೀಳೋ ಹಾಗಿದೀರಿ. ಕೂತ್ಕೊಳ್ಳಿ... ಇದ್ರ ಮೇಲಲ್ಲ!"

ಅವಳಿಗೆ ನಗಲೂ ಶಕ್ತಿ ಇರಲಿಲ್ಲ. ಆ ಬೆಳಿಗ್ಗೆಯಷ್ಟೇ ಅನುದಾನ ಸಂಸ್ಥೆಯಿಂದ ಎರಡನೇ ತಿರಸ್ಕಾರದ ಪತ್ರ ಬಂದಿತ್ತು.

ಬಡವರು ಒಡೆದದ್ದನ್ನು ಹೇಗೆ ಸರಿಮಾಡಿಕೊಂಡು ಬದುಕಿದರು ಎಂಬುದು ಅವಳ ಸಂಶೋಧನೆ. ಐದು ವರ್ಷ ಮನೆಮನೆ ಅಲೆದು ಬೆಸುಗೆ ಹಾಕಿದ ಪಾತ್ರೆ, ತೇಪೆ ಹಚ್ಚಿದ ಕೋಟು, ಹಿಡಿ ಬದಲಿಸಿದ ಕೊಡೆ ಎಲ್ಲವನ್ನೂ ಎರವಲು ತಂದಿದ್ದಳು. ಜನರೊಂದಿಗೆ ಕೂಡಿ ಅವನ್ನೊಂದು ಪ್ರದರ್ಶನವಾಗಿ ನಿಲ್ಲಿಸಬೇಕು, ಅದಕ್ಕೆ ಅನುದಾನ ಬೇಕು. ಮೂರನೇ ಅರ್ಜಿಯೂ ಬಿದ್ದುಹೋದರೆ ವಸ್ತುಗಳೆಲ್ಲ ಅವರವರ ಮನೆಗೆ ವಾಪಸ್. ಅವಳೂ ಮನೆಗೆ.

ಬಡಗಿ ಕುರ್ಚಿಗೆ ಅಂಟಿಸಿದ್ದ ಚೀಟಿಯನ್ನು ಅಕ್ಷರ ಕೂಡಿಸಿ ಓದಿದ. "'ಹುಳು ತಿಂದಿದ್ದರಿಂದ ಕಾಲುಗಳನ್ನು ಕತ್ತರಿಸಲಾಗಿದೆ.' ಯಾರು ಬರೆದದ್ದು?"

"ನಾನು."

"ಸುಳ್ಳು."

"ಏನಂದ್ರಿ?!"

"ಹುಳು ತಿಂದ್ರೆ ನೆಟ್ಟಗೆ ಕತ್ತರಿಸ್ತಾರೆ. ಇಲ್ಲಿ ನಾಲ್ಕೂ ಕಾಲಿನ ತುದಿ ಒಂದೇ ಕಡೆಗೆ ಓರೆ. ನೋಡಿ."

ಅವನು ಒಂದು ಹಲಗೆಯ ತುದಿಗೆ ಮರದ ಚಕ್ಕೆ ಕೊಟ್ಟು ಇಳಿಜಾರು ಮಾಡಿ ಕುರ್ಚಿಯನ್ನು ಮೇಲಿಟ್ಟ. ಐದು ವರ್ಷದಿಂದ ವಾಲಿಕೊಂಡೇ ಇದ್ದ ಕುರ್ಚಿ ನೆಟ್ಟಗೆ ನಿಂತಿತು!

"ನೆಲ ಇಳಿಜಾರಿತ್ತು. ನೀರು ಹರಿಯೋ ಜಾಗ. ಅಲ್ಲಿ ದಿನಗಟ್ಟಲೆ ಕೂತು ಯಾರೋ ದುಡಿದಿದಾರೆ."

ಅವಳು ಕುರ್ಚಿ ಕೊಟ್ಟ ಅಜ್ಜಿಗೆ ಕೂಡಲೇ ಫೋನ್ ಮಾಡಿದಳು.

"ಹೌದಮ್ಮ, ನಮ್ಮವ್ವ ಬಟ್ಟೆಗೆ ಬಣ್ಣ ಹಾಕ್ತಿದ್ದ ಕೋಣೆ. ನೀರೆಲ್ಲ ಒಂದೇ ಮೂಲೆಗೆ ಹರೀತಿತ್ತು."

"ಅಜ್ಜಿ, ಇದನ್ನ ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳ್ಲೇ ಇಲ್ವಲ್ಲ! ವರ್ಷ ಎಷ್ಟು, ಇಸವಿ ಎಷ್ಟು ಅಂತ ಬರ್ಕೊಂಡು ಹೋದೆ."

ಅವಳ ಕಿವಿ ಬಿಸಿಯಾಯಿತು. ಬಡಗಿ ಮಾತ್ರ ನಗದೆ ಅಳತೆ ಬರೆದುಕೊಳ್ಳುತ್ತಿದ್ದ. ಆ ನಗದಿರುವಿಕೆಯೇ ಅವಳ ಎದೆಗೆ ನಾಟಿತು.

ಆಮೇಲಿನ ಮೂರು ತಿಂಗಳು ಹಿಂದಿನ ಅಂಗಳದ ಅವನ ಕಾರ್ಖಾನೆಯೇ ಅವಳ ಕಚೇರಿ. ಅವನು ವಸ್ತುವನ್ನು ತಿರುಗಿಸಿ ನೋಡಿ ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು. "ಈ ಹಿಡಿ ಕೂರಿಸಿದವನು ಎಡಗೈಯವನು." "ಈ ಪೆಟ್ಟಿಗೆ ರಿಪೇರಿ ಮಾಡುವಾಗ ಮೊಳೆ ಇರಲಿಲ್ಲ ಪಾಪ." ಎಲ್ಲೆಂದರಲ್ಲಿ ಚೀಟಿ ಅಂಟಿಸುವ ಅವಳಿಗೆ 'ಚೀಟಿ ಮೇಡಂ' ಎಂದು ಹೆಸರಿಟ್ಟವನೂ ಅವನೇ.

ಪಾಲಿಶ್ ಹಚ್ಚುವ ಅವನ ಅಕ್ಕ ಕಾಲೆಳೆಯುತ್ತಿದ್ದಳು. "ನಮ್ಮ ತಮ್ಮ ಹುಟ್ಟಿದಾಗಿಂದ ಇಷ್ಟು ಮಾತಾಡಿದವನಲ್ಲ. ಏನು ಮದ್ದು ಹಾಕಿದೆ ಕಣಮ್ಮಾ?"

ಒಂದು ಮಧ್ಯಾಹ್ನ ಅವಳು ದಣಿದು ಹಲಗೆ ರಾಶಿಗೆ ಒರಗಿದವಳು ನಿದ್ದೆಹೋದಳು. ಎದ್ದಾಗ ಅಕ್ಕ ಪಿಸುಗುಟ್ಟಿದಳು. "ನಿನಗೆ ಎಚ್ಚರ ಆಗತ್ತೆ ಅಂತ ಮಿಷನ್ ನಿಲ್ಲಿಸಿ ಮೂರು ಹಲಗೆ ಕೈಗರಗಸದಲ್ಲೇ ಕೊಯ್ದಿದಾನೆ. ಹುಚ್ಚ!"

*ನನ್ನ ನಿದ್ದೆಗೆ ಇಷ್ಟು ಬೆಲೆ ಕೊಟ್ಟವರು ಯಾರಿದ್ದಾರೆ...* ಅವಳಿಗೆ ಅಳು ಬಂತು. ಮೂಗಿಗೆ ಮರದ ಪುಡಿ ಹೋಯಿತೆಂದು ಸುಳ್ಳು ಹೇಳಿದಳು.

ಹೀಗಿರುವಾಗ ಅರ್ಜಿ ತುಂಬುವ ದಿನ ಬಂತು.

'ಸಹಭಾಗಿ' ಎಂಬ ಕಾಲಂನಲ್ಲಿ ಅವನ ಹೆಸರು ಹಾಕಿದಳು. ಮುಂದಿನ ಚೌಕದಲ್ಲಿ 'ಪದವಿ' ಎಂದಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟವನು. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೇ ಹೋಗಲಿಲ್ಲ. ಕೆಂಪು ಅಕ್ಷರ, ಮತ್ತೆ ಕೆಂಪು ಅಕ್ಷರ. ಸಹಭಾಗಿತ್ವ ಬೇಕಂತೆ, ಜನಸಾಮಾನ್ಯರ ಚರಿತ್ರೆ ಬೇಕಂತೆ, ಆದರೆ ಜನಸಾಮಾನ್ಯ ಪದವಿ ತರಬೇಕಂತೆ!

"ಅವನನ್ನ ಸಾಮಗ್ರಿ ಕಾಲಂಗೆ ಹಾಕಮ್ಮ," ಎಂದರು ವಸ್ತುಸಂಗ್ರಹಾಲಯದ ನಿರ್ದೇಶಕರು. "ಅನುದಾನ ಬರಲಿ. ಆಮೇಲೆ ಗೋಡೆ ಮೇಲೆ ಹೆಸರು ಬರೆದ್ರಾಯ್ತು."

ಅವಳಿಗೆ ವಾದಿಸಲು ತ್ರಾಣವಿರಲಿಲ್ಲ. ಅವನನ್ನು ಸಾಮಗ್ರಿ ಪಟ್ಟಿಗೆ ಸೇರಿಸಿ ಅರ್ಜಿ ಕಳಿಸುವ ಗುಂಡಿ ಒತ್ತಿಬಿಟ್ಟಳು. *ಆಮೇಲೆ ಅವನಿಗೆ ಹೇಳೋಣ...*

ಅವಳ 'ಆಮೇಲೆ'ಗಿಂತ ಮುಂಚೆ ಕಚೇರಿಯಿಂದ ಅರ್ಜಿಯ ಪ್ರತಿ ಅವನ ಕೈ ಸೇರಿತ್ತು. ಅಳತೆ ತಾಳೆ ನೋಡಲು ಕಳಿಸಿದ್ದರು.

ಸಾಮಗ್ರಿ: ಹಲಗೆ, ಗಾಜು, ಮೊಳೆ, ಅಂಟು, ಬಡಗಿ.

ಅಂಟಿನ ಪಕ್ಕದಲ್ಲಿ ಒಬ್ಬ ಮನುಷ್ಯ! ಅವನು ಹೇಳಿದ್ದೆಲ್ಲ ಮೇಲೆ 'ನಮ್ಮ ಸಂಶೋಧನೆಯ ಪ್ರಕಾರ' ಎಂದು ಠೀವಿಯಿಂದ ಕೂತಿತ್ತು.

"ಅಂಟು ಆದ್ಮೇಲೆ ಹಾಕಿದೀರಲ್ಲ ಮೇಡಂ," ಎಂದ. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಮೊಳೆಗಿಂತ ಮುಂಚೆಯಾದ್ರೂ ಹಾಕಬಹುದಿತ್ತು."

"ಹಾಗಲ್ಲ! ಮೊದಲು ಸರಿಯಾಗೇ ಹಾಕಿದ್ದೆ. ಫಾರಂ ತಗೊಳ್ಲಿಲ್ಲ..."

"ಫಾರಂ ತಗೊಳ್ಲಿಲ್ಲ, ಸರಿ. ನೀವು?"

ಅವಳು ಅರ್ಜಿಯ ಪ್ರತಿಯನ್ನು ಮಡಿಸುತ್ತ ನಿಂತಳು. ನನ್ನಂಥವನ ಪಕ್ಕ ಹೆಸರು ಹಾಕಿಕೊಳ್ಳಲು ಇವಳಿಗೆ ನಾಚಿಕೆ ಎಂದುಕೊಂಡ ಅವನು. ಇನ್ನು ನನ್ನ ಮುಖವನ್ನೂ ನೋಡುವುದಿಲ್ಲ ಎಂದುಕೊಂಡಳು ಅವಳು. ಕಾರ್ಖಾನೆಯ ಬಾಗಿಲು ಅವಳಿಗೆ ಮುಚ್ಚಿತು.

ಹನ್ನೊಂದನೇ ದಿನ ಸಂದರ್ಶನ. ಉದ್ದ ಮೇಜಿನಾಚೆ ಮೂವರು ತೀರ್ಪುಗಾರರು. ಅಧ್ಯಕ್ಷೆ ಕುರ್ಚಿಯ ಚಿತ್ರ ಎತ್ತಿ ಹಿಡಿದರು.

"ಇದೊಂದೇ ಸಾಕು, ಅನುದಾನ ಕೊಡೋಕೆ. ಈ ಓರೆ ಕಾಲನ್ನ ಗುರುತಿಸಿದ್ದು ಯಾರು?"

"ನಮ್ಮ ತಂಡ," ಎಂದರು ನಿರ್ದೇಶಕರು ಥಟ್ಟನೆ.

ಅವಳು ಸುಮ್ಮನಿದ್ದರೆ ಸಾಕಿತ್ತು. ಐದು ವರ್ಷದ ಅಲೆದಾಟ ಅಲ್ಲಿಗೆ ಮುಗಿಯುತ್ತಿತ್ತು. ಮಲಗಬಹುದಿತ್ತು...

"ತಂಡ ಅಲ್ಲ," ಎಂದಳು. "ಒಬ್ಬ ಬಡಗಿ. ಸಾಮಗ್ರಿ ಪಟ್ಟಿಯಲ್ಲಿ, ಅಂಟಿನ ಪಕ್ಕ ಇದಾರೆ. ನಾನೇ ಹಾಕಿದ್ದು."

ಅಧ್ಯಕ್ಷೆ ಚಿತ್ರವನ್ನು ಕೆಳಗಿಟ್ಟರು.

"ಪದವಿ ಇಲ್ಲದ ಸಹಭಾಗಿಗೆ ವಿಶೇಷ ಒಪ್ಪಿಗೆ ಪತ್ರ ಬೇಕು," ಎಂದರು ಅಧ್ಯಕ್ಷೆ ನಿಧಾನವಾಗಿ. "ಈಗ ತಿದ್ದೋಕೆ ಬರಲ್ಲ. ಹೀಗೇ ಬಿಟ್ರೆ ಇವತ್ತೇ ಶಿಫಾರಸು ಮಾಡ್ತೀವಿ. ಇಲ್ಲ ಅಂದ್ರೆ ಅರ್ಜಿ ವಾಪಸ್ ತಗೊಂಡು ಬರೋ ವರ್ಷ ಬನ್ನಿ."

"ವಾಪಸ್ ತಗೊಳ್ತೀನಿ."

ಹೊರಗೆ ನಿರ್ದೇಶಕರು ತಲೆ ಚಚ್ಚಿಕೊಂಡರು. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆಯಲ್ಲಮ್ಮ!"

ಅವಳು ನೇರ ಕಾರ್ಖಾನೆಗೆ ನಡೆದಳು. ಅಕ್ಕ ಅವಳ ಮುಖ ನೋಡಿದಳು, ತಮ್ಮನ ಮುಖ ನೋಡಿದಳು.

"ಬಂದೆಯಾ ತಾಯಿ? ಇವನ ಮುಖ ನೋಡಿ ನೋಡಿ ಪಾಲಿಶ್ ಕೂಡ ಹೊಳೀತಿಲ್ಲ. ನಂಗೆ ಅಂಗಡೀಲಿ ಕೆಲಸ ಇದೆ. ಇಲ್ಲದಿದ್ರೂ ಇದೆ!" ಎಂದು ಹೊರಟುಹೋದಳು.

"ಅರ್ಜಿ ವಾಪಸ್ ತಗೊಂಡೆ," ಎಂದಳು ಇವಳು.

ಅವನ ಕೈಯ ಉಳಿ ನಿಂತಿತು. "ಹುಚ್ಚಾ ನಿಂಗೆ? ಐದು ವರ್ಷ!"

'ಮೇಡಂ' ಹೋಗಿ 'ನೀನು' ಬಂದದ್ದು ಅವನಿಗೇ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು.

"ಅವತ್ತು ಕೇಳಿದೆಯಲ್ಲ, 'ನೀವು?' ಅಂತ. ಫಾರಂದು ತಪ್ಪಲ್ಲ. ಒತ್ತಿದ್ದು ನನ್ನ ಬೆರಳು. ಸುಸ್ತಾಗಿತ್ತು, ಒತ್ತಿಬಿಟ್ಟೆ. ಈಗ್ಲೂ ಸುಸ್ತಾಗಿದೆ... ಆದ್ರೆ ನೀನಿಲ್ಲದ ಪ್ರದರ್ಶನದ ಮುಂದೆ ನಿಂತು ನಗೋ ಸುಸ್ತು ಇದಕ್ಕಿಂತ ದೊಡ್ಡದು."

ಅವನು ಉಳಿ ಕೆಳಗಿಟ್ಟ. ಸ್ಟೂಲಿನ ಮೇಲಿನ ಮರದ ಪುಡಿ ಒರೆಸಿ ಅವಳತ್ತ ದೂಡಿದ. ಅವಳು ಕೂತು, ಸಂದರ್ಶನದಲ್ಲೇ ಕೇಳಿ ಪಡೆದಿದ್ದ ವಿಶೇಷ ಒಪ್ಪಿಗೆ ಪತ್ರದ ಫಾರಂ ಮುಂದಿಟ್ಟಳು.

ಅವನು ಅಕ್ಷರ ಕೂಡಿಸುತ್ತ ನಿಧಾನವಾಗಿ ಓದಿದ. ಹೆಸರು ಬರೆದ. ಅನುಭವ ಎಂಬಲ್ಲಿ 'ಹದಿನಾರು ವರ್ಷ' ಎಂದು ಬರೆದ. ಕೊನೆಯ ಸಾಲಿಗೆ ಬಂದು ನಿಂತ.

"'ಅರ್ಜಿದಾರರಿಗೂ ಸಹಭಾಗಿಗೂ ವೈವಾಹಿಕ ಸಂಬಂಧ ಇದೆಯೇ?' ಎರಡು ಚೌಕ ಇದೆ. ಏನು ಹಾಕ್ಲಿ?"

ಅವಳು ಕಿಟಕಿಯತ್ತ ನೋಡಿದಳು. "ಇರೋದನ್ನ ಹಾಕು."

"ಅರ್ಜಿ ಕೊಡೋದು ಬರೋ ವರ್ಷ ಅಲ್ವಾ?"

"...ಹೌದು."

"ಸಂಬಂಧ ಇದೆ ಅಂದ್ರೆ ಅನುದಾನ ಕೊಡಲ್ವೇನೋ."

"ಕೊಡ್ತಾರೆ. ಮುಚ್ಚಿಡಬಾರದು, ಅಷ್ಟೇ. ಹದಿನಾಲ್ಕನೇ ನಿಯಮ."

ಅವನು ತಲೆಯೆತ್ತಿದ. "ಇಷ್ಟು ಸರಿಯಾಗಿ ಹೇಗೆ ಗೊತ್ತು?"

"ಓದಿದ್ದೆ."

"ಯಾವಾಗ?"

ಅವಳ ಕಣ್ಣು ತುಂಬಿತು, ತುಟಿ ನಗುತ್ತಿತ್ತು. "ಹೋದ ತಿಂಗಳು. ಮೊದಲ ಸಲ ನಿನ್ನ ಹೆಸರು ಹಾಕೋಕೂ ಮುಂಚೆ."

ಬಡಗಿ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ.

"ಪೆನ್ಸಿಲಲ್ಲಿ ಹಾಕ್ಲಾ, ಪೆನ್ನಲ್ಲಿ ಹಾಕ್ಲಾ?"

"ಪೆನ್ನಲ್ಲೇ ಹಾಕು," ಎಂದು ಅವಳು ಅವನ ಭುಜಕ್ಕೆ ತಲೆಯಿಟ್ಟಳು. "ಅಳಿಸಿ ಬರೆಯೋ ಶಕ್ತಿ ನನಗಿಲ್ಲ ಕಣೋ."