ಸುತ್ತುವ ಹೋಟೆಲಿನ ಬಳೆಗಳು

ಚೀಲದಿಂದ ಡಬ್ಬಿ ತೆಗೆದು ತೆರೆದ ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು.

"ಬಳೆ ಇಲ್ಲ ಕಣೇ!"

"ಯಾವ ಬಳೆ?" ಇನ್‌ಸ್ಪೆಕ್ಟರ್ ಐಸ್‌ಕ್ರೀಮಿನ ಚಮಚ ಕೆಳಗಿಟ್ಟಳು.

"ನಿಮ್ಮಮ್ಮಂದು."

ಅಮ್ಮ ತೀರಿಕೊಂಡಾಗ ಇನ್‌ಸ್ಪೆಕ್ಟರ್ ತೀರ ಚಿಕ್ಕವಳು. ಅಮ್ಮನ ಮುಖ ನೆನಪಿಲ್ಲ. ತಲೆ ಬಾಚುವಾಗ ಕಿವಿಯ ಪಕ್ಕ ಸದ್ದು ಮಾಡುತ್ತಿದ್ದ ಎರಡು ಬಳೆಗಳ ದನಿ ಮಾತ್ರ ಇನ್ನೂ ಉಳಿದಿದೆ. ಅವು ಎಂದೋ ಮಾರಿಹೋದವು ಎಂದುಕೊಂಡಿದ್ದಳು. ಚಿಕ್ಕಮ್ಮ ಅವನ್ನು ಇಷ್ಟು ವರ್ಷ ಜೋಪಾನ ಮಾಡಿ, ಇವತ್ತು ಊಟದ ಕೊನೆಗೆ ಕೊಡೋಣವೆಂದು ತಂದಿದ್ದಳು. ಆ ಗುಟ್ಟನ್ನು ಬೆಳಿಗ್ಗೆಯೇ ಪ್ರವಾಸದ ಅರ್ಧ ಬಸ್ಸಿಗೆ ಹೇಳಿಯೂ ಇದ್ದಳು. ಗೊತ್ತಿಲ್ಲದೆ ಇದ್ದವಳು ಇನ್‌ಸ್ಪೆಕ್ಟರ್ ಒಬ್ಬಳೇ.

"ಚೀಲ ಎಲ್ಲಿತ್ತು?"

"ಇಲ್ಲೇ, ಕುರ್ಚಿ ಪಕ್ಕ, ಕಿಟಕಿ ಕಟ್ಟೆ ಮೇಲೆ. ಈಗ ತಾನೇ ತಗೊಂಡೆ."

* * *

ಊರಿನವರು ಊರು ನೋಡುವುದು ನೆಂಟರು ಬಂದಾಗಲೇ. ಇನ್‌ಸ್ಪೆಕ್ಟರ್ ಇಷ್ಟು ವರ್ಷ ಇದೇ ಊರಿನಲ್ಲಿ ಕಳ್ಳರ ಹಿಂದೆ ಓಡಿದ್ದಳೇ ಹೊರತು ಈ ಗೋಪುರ ಹತ್ತಿರಲಿಲ್ಲ. ಚಿಕ್ಕಮ್ಮ ಮೊದಲ ಸಲ ಬಂದಳೆಂದು ರಜೆ ಹಾಕಿ, ಒಂದು ದಿನದ ಪ್ರವಾಸದ ಬಸ್ಸು ಹತ್ತಿದ್ದಳು. ಮಧ್ಯಾಹ್ನದ ಊಟ ಗೋಪುರದ ತುದಿಯ ಸುತ್ತುವ ಹೋಟೆಲಿನಲ್ಲಿ. ಕೂತಲ್ಲೇ ಕೂತು ಸೂಪು ಕುಡಿಯುತ್ತಿದ್ದರೆ ಊರೇ ಮೆರವಣಿಗೆ ಹೊರಡುತ್ತದೆ. ಮೊದಲು ಗಡಿಯಾರ ಗೋಪುರ, ಆಮೇಲೆ ನದಿಯ ಸೇತುವೆ, ಆಮೇಲೆ ವಸ್ತುಸಂಗ್ರಹಾಲಯದ ಹಸಿರು ಗುಮ್ಮಟ.

ಬಸ್ಸಿನವರನ್ನೆಲ್ಲ ಮೇಲೆ ಕರೆತಂದವನು ಗೈಡು. ಬೆಳಿಗ್ಗೆಯಿಂದ ಅವನು ಮಡಚಿದ, ಆದರೆ ಪಟ್ಟಿ ಬಿಗಿಯದ ಕೆಂಪು ಛತ್ರಿಯನ್ನು ಬಾವುಟದಂತೆ ಎತ್ತಿ ಹಿಡಿದೇ ನಡೆದಿದ್ದ. ಲಿಫ್ಟಿನಲ್ಲಿ ಅದರ ಜೋಲುವ ಅಂಚು ಚಿಕ್ಕಮ್ಮನ ಮೂಗಿಗೆ ತಾಗಿ, ಅವನು ಸರಿಯಾಗಿ ಬೈಸಿಕೊಂಡಿದ್ದ.

ಊಟ ಶುರುವಾಗುತ್ತಿದ್ದಂತೆ ಠಾಣೆಯಿಂದ ಫೋನ್ ಬಂತು. ಇನ್‌ಸ್ಪೆಕ್ಟರ್ ಲಿಫ್ಟಿನ ಬಳಿ ಹೋಗಿ ಮಾತಾಡುತ್ತ ನಿಂತಳು. ಬೇಗ ಮುಗಿಯುವ ಮಾತಾಗಿರಲಿಲ್ಲ. ಚಿಕ್ಕಮ್ಮ ಆ ಹೊತ್ತಿನಲ್ಲಿ ಊಟದ ಕೌಂಟರಿಗೂ ಟೇಬಲ್ಲಿಗೂ ಓಡಾಡುತ್ತಿದ್ದಳು.

ಆಗಲೇ ಆದದ್ದು.

* * *

"ಈ ಟೇಬಲ್ಲಿಗೆ ಬಂದೋನು ನೀನೊಬ್ಬನೇ!" ಮ್ಯಾನೇಜರ್ ವೇಟರನ ತೋಳು ಹಿಡಿದಿದ್ದ.

"ತಟ್ಟೆ ತೆಗೆದೆ ಸಾರ್, ಅಷ್ಟೇ. ಚೀಲ ಮುಟ್ಟಿದ್ರೆ ನನ್ನ ಕೈ ಸೇದಿಹೋಗ್ಲಿ."

"ಬಳೆ ಸಿಗದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಸುತ್ತ ನೆರೆದವರಿಗೆ ಕಳ್ಳ ಸಿಕ್ಕಾಗಿತ್ತು. ಇನ್ನು ಐಸ್‌ಕ್ರೀಮ್ ಕರಗುವ ಚಿಂತೆ.

"ನೆಲ ಸುತ್ತೋದು ನಿಲ್ಸಬೇಡಿ. ಲಿಫ್ಟಿಗೆ ಮಾತ್ರ ಬೀಗ ಹಾಕಿ," ಎಂದಳು ಇನ್‌ಸ್ಪೆಕ್ಟರ್.

ಚಿಕ್ಕಮ್ಮ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. "ಹಿಂದಿನ ಟೇಬಲ್ಲಿನ ದುರ್ಬೀನು ತಾತನ್ನ ಕೇಳು. ಆ ಮನುಷ್ಯ ನಮ್ಮ ಕಡೇನೇ ನೋಡ್ತಿದ್ದ."

ತಾತನಿಗೆ ಸಿಟ್ಟು ನೆತ್ತಿಗೇರಿತು. "ನಿಮ್ಮನ್ನ ಯಾರು ನೋಡಿದ್ರು? ನಾನು ನೋಡಿದ್ದು ಗಡಿಯಾರ ಗೋಪುರ. ಅದು ನಮ್ಮ ಟೇಬಲ್ ಎದುರು ಬಂದಾಗಿಂದ ದಾಟಿ ಹೋಗೋವರೆಗೂ ಈ ಕಟ್ಟೆ ಮೇಲೆ ಮೊಣಕೈ ಊರ್ಕೊಂಡು ಕೂತಿದ್ದೆ."

"ಕಟ್ಟೆ ಮೇಲೆ ಏನಾದ್ರೂ ಇತ್ತಾ?"

"ನನ್ನ ಮೊಣಕೈ ಇತ್ತು."

ಇನ್‌ಸ್ಪೆಕ್ಟರ್ ನಗಲಿಲ್ಲ. ಮೊಬೈಲ್ ತೆಗೆದಳು. ಬಂದು ಕೂತ ಕೂಡಲೇ ತಾನೇ ತೆಗೆದ ಫೋಟೋ. ಹಲ್ಲು ಕಿರಿದ ಚಿಕ್ಕಮ್ಮ, ಪಕ್ಕದ ಕಟ್ಟೆಯ ಮೇಲೆ ಚೀಲ, ಗಾಜಿನಾಚೆ ಚೀಲದ ನೇರಕ್ಕೆ ಗಡಿಯಾರ ಗೋಪುರ.

ಅವಳು ಒಂದು ಚಮಚವನ್ನು ತನ್ನ ಕುರ್ಚಿಯ ಪಕ್ಕ, ಕಟ್ಟೆಯ ಮೇಲೆ ಇಟ್ಟಳು. ಅದನ್ನೇ ದಿಟ್ಟಿಸುತ್ತ ಕೂತಳು. ಕುರ್ಚಿ ಮುಂದೆ ಮುಂದೆ ಹೋಯಿತು. ಚಮಚ ಹಿಂದೆ ಉಳಿಯಿತು.

"ಹೀಗೇ ಮೇಡಂ ಇಲ್ಲಿಯವರು," ಗೈಡು ಹತ್ತಿರ ಬಂದು ಸಂತಾಪ ಸೂಚಿಸಿದ. "ಹತ್ತು ವರ್ಷದಿಂದ ಇದೇ ಹೋಟೆಲಿಗೆ ಜನ ಕರ್ಕೊಂಡು ಬರ್ತಿದೀನಿ, ಎಷ್ಟು ನೋಡಿಲ್ಲ! ಇವನನ್ನ ಠಾಣೆಗೆ ಕಳ್ಸಿ. ಕೆಳಗೆ ಬಸ್ಸು ಕಾಯ್ತಿದೆ."

"ಹೋಗೋಣ. ಚೀಲ ನೀವೂ ನೋಡಿದ್ರಾ?"

"ಓಹೋ. ನಾವು ಬಂದಾಗಿಂದ ಇಲ್ಲೇ, ಇದೇ ಕುರ್ಚಿ ಪಕ್ಕದಲ್ಲೇ ಇತ್ತು. ಅಲ್ಲಾಡಿಲ್ಲ."

"ಖಂಡಿತಾನಾ?"

"ಕಣ್ಣಾರೆ ಕಂಡಿದೀನಿ ಮೇಡಂ."

"ಹಾಗಾದ್ರೆ ಇವರ ಕೈ ಬಿಡಿ ಮ್ಯಾನೇಜರ್ರೇ," ಎಂದಳು ಇನ್‌ಸ್ಪೆಕ್ಟರ್. "ಕಳ್ಳ ಸಿಕ್ಕಿದ."

* * *

"ಇಲ್ಲಿ ಸುತ್ತೋದು ನೆಲ. ಟೇಬಲ್ಲು, ಕುರ್ಚಿ, ನಾವು ಎಲ್ಲ ಅದರ ಜೊತೆ ಹೋಗ್ತೀವಿ. ಕಿಟಕಿ ಕಟ್ಟೆ ಗೋಡೆಗೆ ಸೇರಿದ್ದು, ಅದು ಸುತ್ತಲ್ಲ. ಚಿಕ್ಕಮ್ಮ ಚೀಲ ಇಟ್ಟಿದ್ದು ಗಡಿಯಾರ ಗೋಪುರದ ನೇರಕ್ಕೆ, ಫೋಟೋ ಇದೆ. ಯಾರೂ ಮುಟ್ಟದಿದ್ರೆ ಅದು ಅಲ್ಲೇ ಉಳೀಬೇಕಿತ್ತು. ಹಿಂದಿನ ಟೇಬಲ್ಲಿನ ತಾತ ಅಲ್ಲಿಗೆ ಬಂದಾಗ ಕಟ್ಟೆ ಖಾಲಿ. ಅಷ್ಟರಲ್ಲಿ ಯಾರೋ ಎತ್ತಿದ್ರು. ಬಳೆ ತೆಗೆದು, ಯಾರಿಗೂ ಗೊತ್ತಾಗದ ಹಾಗೆ ಚೀಲ ಮೊದಲಿದ್ದ ಜಾಗದಲ್ಲೇ ಇಟ್ಟೆ ಅಂದ್ಕೊಂಡು, ಕುರ್ಚಿ ಪಕ್ಕ ಇಟ್ಟುಹೋದ್ರು. ಈಗ ಹೊರಗೆ ನೋಡಿ. ಹಸಿರು ಗುಮ್ಮಟ!"

"ದಿನಾ ಯಾರದ್ದಾದ್ರೂ ಬ್ಯಾಗು ಹೀಗೆ ಹಿಂದೆ ಉಳಿಯುತ್ತೆ," ಎಂದ ಮ್ಯಾನೇಜರ್, ವೇಟರನ ತೋಳು ಬಿಟ್ಟು. "ವಾಪಸ್ ತಂದುಕೊಡೋದೇ ಇವನ ಕೆಲಸ."

"ಅದಕ್ಕೇ ಇವರಲ್ಲ. ಇಲ್ಲಿ ಕೆಲಸ ಮಾಡೋರು ಈ ತಪ್ಪು ಮಾಡಲ್ಲ. ಮೊದಲ ಸಲ ಬಂದೋರು ಮಾಡ್ತಾರೆ." ಅವಳು ಗೈಡಿನತ್ತ ತಿರುಗಿದಳು. "ಹತ್ತು ವರ್ಷದಿಂದ ಬರೋನಿಗೆ ಚೀಲ ಒಂದೇ ಕುರ್ಚಿ ಪಕ್ಕ ಕೂರಲ್ಲ ಅಂತ ಗೊತ್ತಿರಲ್ವಾ? ಇಷ್ಟೊತ್ತೂ ಅದು ಅಲ್ಲಾಡಿಲ್ಲ ಅಂದೆ ನೀನು. ಅದು ಕಳ್ಳ ಹೇಳಬೇಕಾದ ಸುಳ್ಳು."

"ಏ... ಏನ್ ಮೇಡಂ, ತಮಾಷೆನಾ? ಬೇಕಾದ್ರೆ ಜೇಬು ನೋಡಿ!"

"ಜೇಬು ಬೇಡ. ಬೆಳಿಗ್ಗೆಯಿಂದ ಜೋಲಾಡ್ತಿದ್ದ ಛತ್ರಿಗೆ ಈಗ್ಯಾಕೆ ಪಟ್ಟಿ ಬಿಗಿದಿದೀಯ?"

ಗೈಡು ಲಿಫ್ಟಿನತ್ತ ಓಡಿದ. ಬೀಗ. ಗಾಬರಿಯಲ್ಲಿ ಛತ್ರಿ ಹಿಂದಕ್ಕೆ ಎಸೆದ. ವೇಟರ್ ಅದನ್ನು ಗಾಳಿಯಲ್ಲೇ ಹಿಡಿದು ಪಟ್ಟಿ ಬಿಚ್ಚಿದ.

ಕಿಣಿ. ಕಿಣಿ.

ಎರಡು ಬಳೆಗಳು ಒಂದಕ್ಕೊಂದು ತಾಗಿ ನೆಲಕ್ಕೆ ಬಿದ್ದು ಉರುಳಿದವು. ಇನ್‌ಸ್ಪೆಕ್ಟರ್ ನಿಂತಲ್ಲೇ ನಿಂತಳು. ಅದೇ ದನಿ. ಯಾರೂ ಗುರುತು ಹೇಳಬೇಕಾಗಿರಲಿಲ್ಲ.

* * *

ಪ್ರವಾಸದ ಕಚೇರಿಗೆ ಫೋನ್ ಮಾಡಿದಾಗ ಉಳಿದದ್ದೂ ಹೊರಬಿತ್ತು. ಇವತ್ತು ಪ್ರವಾಸ ರದ್ದಾಗಿದೆ ಎಂದು ಖಾಯಂ ಗೈಡಿಗೆ ಯಾರೋ ಫೋನ್ ಮಾಡಿದ್ದರು. ಬಸ್ಸಿನ ಬಾಗಿಲಲ್ಲಿ ಛತ್ರಿ ಹಿಡಿದು ನಿಂತವನನ್ನು ಯಾರೂ ಏನೂ ಕೇಳಿರಲಿಲ್ಲ. ಬೆಳಿಗ್ಗೆ ಚಿಕ್ಕಮ್ಮನ ಬಳೆಯ ಕಥೆಯನ್ನು ಅವನು ಎಲ್ಲರಿಗಿಂತ ಮನಸ್ಸಿಟ್ಟು ಕೇಳಿದ್ದ.

"ಕಳ್ಳನ ಹಿಂದೆ ಊರೆಲ್ಲ ಸುತ್ತಿದ್ವಿ, ಪೊಲೀಸು ನೀನು!" ಎಂದಳು ಚಿಕ್ಕಮ್ಮ. ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು. ಅವಳು ವೇಟರನ ಬಳಿ ಹೋಗಿ ಎಲ್ಲರೆದುರು ಕೈ ಕುಲುಕಿದಳು. ಮ್ಯಾನೇಜರನೂ ಏನೋ ಗೊಣಗಿದ. ಕ್ಷಮೆ ಕೇಳಿದ್ದೇ ಇರಬೇಕು.

ಬಳೆ ಅವಳ ಕೈಗೆ ಹಿಡಿಸಲಿಲ್ಲ. ಲಾಠಿ ಹಿಡಿದು ಗಟ್ಟಿಯಾದ ಗೆಣ್ಣಿನ ಹತ್ತಿರವೇ ನಿಂತಿತು.

"ಸೋಪು ಹಚ್ಚಿದ್ರೆ ಹೋಗುತ್ತೆ," ಎಂದಳು ಚಿಕ್ಕಮ್ಮ.

"ಬೇಡ. ನೀನು ಹಾಕ್ಕೋ." ಇನ್‌ಸ್ಪೆಕ್ಟರ್ ಅವನ್ನು ಚಿಕ್ಕಮ್ಮನ ಕೈಗೆ ಏರಿಸಿದಳು. "ಮನೆಗೆ ಹೋದ್ಮೇಲೆ ನನ್ನ ತಲೆ ಬಾಚ್ತೀಯಾ ಚಿಕ್ಕಮ್ಮ?"